ಶುಕ್ರವಾರದ ತಪ್ಪು

"ಕೆಂಪು," ಎಂದು ಮುಖ್ಯೋಪಾಧ್ಯಾಯ ಶಾಂತವೀರಪ್ಪನವರು ಕಂಪ್ಯೂಟರಿನ ಪರದೆಯನ್ನು ಜಯದೇವಿಯ ಕಡೆ ತಿರುಗಿಸಿದರು. "ನಾಲ್ಕು ಎ ಹಸಿರು. ಮೂರು ಬಿ ಹಳದಿ. ಐದು ಎ ಅದೂ ಹಳದಿ. ನಿನ್ನ ನಾಲ್ಕು ಬಿ ಒಂದೇ ನೋಡಮ್ಮಾ ಕೆಂಪು. ಮೂವತ್ತೊಂದು."

"ಮೂವತ್ತೊಂದು ಏನ್ರಿ ಸರ್?"

"ಪರ್ಸೆಂಟು."

ಜಯದೇವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದಳು. ಕನ್ನಡಕ ಒರೆಸಿದರೆ ಪರದೆಯ ಬಣ್ಣ ಬದಲಾಗುತ್ತದೆಂದು ಅವಳೇನೂ ನಂಬಿರಲಿಲ್ಲ. ಆದರೂ ಬಣ್ಣಕ್ಕೆ ಒಂದು ಅವಕಾಶ ಕೊಟ್ಟಳು. "ಹಾಜರಾತಿ ಇರ್ಬೇಕ್ರಿ ಅದು. ಮೂವತ್ನಾಕು ಹುಡುಗ್ರಾಗ ಮೂವತ್ತೊಂದು ಮಂದಿ ಬಂದಿದ್ರು ಅಂತ," ಎಂದಳು. ಶಾಂತವೀರಪ್ಪನವರು ನಗಲಿಲ್ಲ. ಮೇಜಿನ ಪಕ್ಕದಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಮಧುರಾಳೂ ನಗಲಿಲ್ಲ. ಇಪ್ಪತ್ತಾರರ ಈ ಹುಡುಗಿ ಒನ್ ಪೇಜ್ ಯೋಜನೆಯ ಸಂಯೋಜಕಿ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಸದಾ ಒಂದು ನೀರಿನ ಬಾಟಲಿ, ಮುಖದಲ್ಲಿ ಯಾರನ್ನೋ ಆಸ್ಪತ್ರೆಗೆ ಸೇರಿಸಿ ಬಂದವರ ಕಳೆ.

ಒನ್ ಪೇಜ್ ಬಂದದ್ದು ಜೂನ್‌ನಲ್ಲಿ. ಮದ್ರಾಸಿನ ಪ್ಯಾರೀಸ್ ಕಾರ್ನರಿನ ಕಾಗದದ ಮಂಡಿಗಳ ಹಿಂದಿನ ಸಂದಿಯಲ್ಲಿ, ಎಂದೋ ಕನ್ನಡದ ವ್ಯಾಪಾರಿಗಳು ಸೇರಿ ಕಟ್ಟಿಸಿದ ಮೂರು ಮಹಡಿಯ ಶಾಲೆ ಅದು. ಕನ್ನಡ ಈಗ ವಾರಕ್ಕೆ ನಾಲ್ಕು ಪೀರಿಯಡ್ಡಿಗೆ ಇಳಿದಿತ್ತು; ಮಕ್ಕಳ ಸಂಖ್ಯೆ ಇಳಿದಿರಲಿಲ್ಲ. ಮೂಟೆ ಹೊರುವವರ, ತಳ್ಳುಗಾಡಿಯವರ, ಅಂಗಡಿ ಗುಮಾಸ್ತರ ಮಕ್ಕಳು. ಟ್ರಸ್ಟಿನವರು ಈ ವರ್ಷ ಒಂದು ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡು ಟ್ಯಾಬ್‌ಗಳನ್ನು ತರಿಸಿದ್ದರು. ಯಾವ ದಿನ ಯಾವ ಪುಟ, ಎಷ್ಟನೇ ನಿಮಿಷಕ್ಕೆ ಟೀಚರ್ ಯಾವ ವಾಕ್ಯ ಹೇಳಬೇಕು, ಮಕ್ಕಳು ಯಾವಾಗ ಚಪ್ಪಾಳೆ ತಟ್ಟಬೇಕು, ಎಲ್ಲವೂ ಅದರಲ್ಲಿತ್ತು. ಟ್ರಸ್ಟಿನದೇ ಇನ್ನೊಂದು ಶಾಲೆ ಮಾಧವರಂನಲ್ಲಿತ್ತು. ಅಲ್ಲೂ ಇಲ್ಲೂ ಒಂದೇ ಗಳಿಗೆಗೆ ಒಂದೇ ಪುಟ. "ಪೇಜಲ್ಲ ಕಣಮ್ಮಾ, ಪೇಚು," ಎಂದಿದ್ದರು ಸ್ಟಾಫ್ ರೂಮಿನಲ್ಲಿ ಕನ್ನಡದ ಮೇಷ್ಟ್ರು ಸೀತಾರಾಮ. "ತಮಿಳಲ್ಲಿ ಪೇಚ್ಚು ಅಂದ್ರೆ ಮಾತು. ಕನ್ನಡದಲ್ಲಿ ಏನು ಅಂತ ಅನುಭವಿಸಿ ತಿಳ್ಕೊಳ್ಳಿ."

ಕಳೆದ ಶುಕ್ರವಾರ ಇಡೀ ಶಾಲೆಗೆ ಟ್ಯಾಬ್‌ನಲ್ಲಿ ಗಣಿತದ ಪರೀಕ್ಷೆ ನಡೆದಿತ್ತು. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಒಂದನ್ನು ಒತ್ತಬೇಕು. ತರಗತಿಯ ಟೀಚರ್ ತನ್ನದೇ ತರಗತಿಯಲ್ಲಿ ಇರಬಾರದೆಂಬ ನಿಯಮ ಇದ್ದುದರಿಂದ ಜಯದೇವಿ ಐದು ಎಗೆ ಹೋಗಿದ್ದಳು. ನಾಲ್ಕು ಬಿಗೆ ಸೀತಾರಾಮ ಹೋಗಿದ್ದರು.

"ಹುಡುಗ್ರು ಏನ್ ಒತ್ಯಾರ, ತೋರಿಸ್ತೀಯೇನವಾ ಸ್ವಲ್ಪ?" ಎಂದು ಜಯದೇವಿ ಮಧುರಾಳನ್ನು ಕೇಳಿದಳು.

ಮಧುರಾ ಲ್ಯಾಪ್‌ಟಾಪ್ ತಿರುಗಿಸಿದಳು. ಐವತ್ತೆರಡರಲ್ಲಿ ಮೂವತ್ತೇಳು ಕಳೆ. ಹದಿನೈದು, ಇಪ್ಪತ್ತೈದು, ಎಂಬತ್ತೊಂಬತ್ತು, ಹದಿನಾರು. ಮೂವತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತೇಳು ಮಂದಿ ಒತ್ತಿದ್ದು ಇಪ್ಪತ್ತೈದನ್ನು. ಮುನ್ನೂರ ನಾಲ್ಕನ್ನು ಅಂಕಿಯಲ್ಲಿ ಹೇಗೆ ಬರೆಯುವುದು? ಇಪ್ಪತ್ತೊಂಬತ್ತು ಮಂದಿ ಮೂರು, ಸೊನ್ನೆ, ಸೊನ್ನೆ, ನಾಲ್ಕು. ಯಾವ ಭಾಗ ದೊಡ್ಡದು, ಮೂರನೇ ಒಂದೋ ಎಂಟನೇ ಒಂದೋ? ಎಲ್ಲರಿಗೂ ಎಂಟನೇ ಒಂದೇ ದೊಡ್ಡದು. ಗಡಿಯಾರದ ಪ್ರಶ್ನೆಗಳಿಗೆ ಮಾತ್ರ ಎಲ್ಲರ ಉತ್ತರವೂ ಸರಿ.

ಕೆಳಗೆ ಸಂದಿಯಲ್ಲಿ ಕಾಗದದ ರೀಮುಗಳನ್ನು ಹೇರಿಕೊಂಡ ಗಾಡಿಯೊಂದು ಸಿಕ್ಕಿಕೊಂಡು, ಹಿಂದಿನವನೊಬ್ಬ ಹಾರ್ನ್ ಒತ್ತುತ್ತಲೇ ಇದ್ದ. ಜಯದೇವಿ ಪರದೆಯನ್ನು ಕೆಳಕ್ಕೆ ಸರಿಸಿದಳು, ಮೇಲಕ್ಕೆ ಸರಿಸಿದಳು. ಗೊತ್ತಿಲ್ಲದ ಮಕ್ಕಳು ಕಣ್ಣುಮುಚ್ಚಿ ಒತ್ತಿದ ಉತ್ತರಗಳಲ್ಲ ಇವು. ಒಂದೊಂದರ ಮುಖವೂ ಅವಳಿಗೆ ಪರಿಚಯ.

"ಅಯ್ಯ ಶಿವನ," ಎಂದಳು ಮೆಲ್ಲಗೆ. "ಇವ್ರು ಓಟ್ ಹಾಕ್ಯಾರ್ರಿ ಸರ್."

ಈ ಓಟಿನ ವಿಷಯ ಹೇಳಬೇಕಾದರೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು. ಗದಗದಿಂದ ಮದುವೆಯಾಗಿ ತಾಂಬರಂಗೆ ಬಂದ ಜಯದೇವಿ, ಅಲ್ಲಿಂದ ಬೀಚ್ ಸ್ಟೇಷನ್ನಿಗೆ ಲೋಕಲ್ ಟ್ರೈನಿನಲ್ಲಿ ಓಡಾಡುತ್ತ ಈ ಶಾಲೆಯಲ್ಲಿ ಕಂಡ ಸುಧಾರಣೆಗಳಿಗೆ ಲೆಕ್ಕವಿಲ್ಲ. ಮೊದಲು ಕಾರ್ಡಿನ ಯೋಜನೆ ಬಂತು: ಪ್ರತಿ ಮಗುವೂ ತನ್ನ ಕಾರ್ಡು ತಾನೇ ಎತ್ತಿಕೊಂಡು ಕಲಿಯಬೇಕು. ಎರಡು ವರ್ಷಕ್ಕೆ ಕಾರ್ಡುಗಳನ್ನು ಗೆದ್ದಲು ಕಲಿಯಿತು. ಆಮೇಲೆ ಬೆಂಚು ತೆಗೆದು ಎಲ್ಲರೂ ನೆಲದ ಮೇಲೆ ದುಂಡಗೆ ಕೂರಬೇಕು ಎಂದರು. ಆಮೇಲೆ ಬೆಂಚು ವಾಪಸ್ಸು ಬಂತು. ಮಕ್ಕಳನ್ನು ಬಣ್ಣದ ಗುಂಪು ಮಾಡಿ ಎಂದರು. ಬಣ್ಣ ಬೇಡ, ಹೂವಿನ ಹೆಸರಿಡಿ ಎಂದರು. ಗುಂಪೇ ಬೇಡ ಎಂದರು. ಪ್ರತಿ ಮಗುವಿಗೊಂದು ಕಡತ ಮಾಡಿಸಿದರು. ಬಂದ ಯೋಜನೆಗಳೆಲ್ಲ ಬಂದಂತೆಯೇ ಹೋದವು, ಮದುವೆ ಮನೆಯ ಶಾಮಿಯಾನದಂತೆ. ಕಂಬ ಕಿತ್ತ ಮೇಲೆ ನೆಲದಲ್ಲಿ ಏನೇನು ಉಳಿದಿದೆ ಎಂದು ಹೆಕ್ಕುತ್ತಿದ್ದವಳು ಜಯದೇವಿ. ಕಾರ್ಡಿನಿಂದ ಅವಳು ಕಲಿತದ್ದು, ಮಗು ತನ್ನ ತಪ್ಪನ್ನು ತಾನೇ ಕೈಯಲ್ಲಿ ಹಿಡಿದು ನೋಡಬಲ್ಲದು ಎಂದು. ದುಂಡಗೆ ಕೂರುವುದರಿಂದ, ಒಬ್ಬರ ತಪ್ಪನ್ನು ಎಲ್ಲರೂ ನೋಡಬಹುದು ಎಂದು. ಕಡತದಿಂದ, ತಪ್ಪಿಗೂ ತಾರೀಖು ಹಾಕಿ ಇಡಬೇಕು ಎಂದು. ಹೀಗೆ ಯಾರದೋ ಕಂಬ, ಯಾರದೋ ಬಟ್ಟೆ ಸೇರಿಸಿ ತನ್ನದೊಂದು ನೆರಳು ಮಾಡಿಕೊಂಡಿದ್ದಳು.

ದಿನಾ ಬೆಳಿಗ್ಗೆ ಹತ್ತು ನಿಮಿಷ ತಪ್ಪಿನ ಸಮಯ. ನಿನ್ನೆ ಮನೆಯಲ್ಲಿ ಮಾಡಿದ ಲೆಕ್ಕದಲ್ಲಿ ತಪ್ಪಿದವರು ಕೈ ಎತ್ತಬೇಕು. ಬಂದು ಹಲಗೆಯ ಮೇಲೆ ಬರೆಯಬೇಕು. ಜಯದೇವಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾಕೆ ಹಂಗ ಅನ್ನಿಸ್ತು?" ಮಗು ಹೇಳಿದ್ದನ್ನು ಕೇಳಿಕೊಂಡು ಅವಳು ಆ ತಪ್ಪೇ ತಾನಾಗಿ ನಿಲ್ಲುತ್ತಿದ್ದಳು. ಐವತ್ತೆರಡರ ಎರಡಾಗಿ, ಬೀಚ್ ಸ್ಟೇಷನ್ನಿನ ಟಿಕೆಟ್ ಕೌಂಟರಿನವನ ಮೂಗುದನಿಯಲ್ಲಿ, "ನನ್ನ ಹತ್ರ ಇರೋದೇ ಎರಡು, ಏಳು ಕೊಡು ಅಂದ್ರೆ ಎಲ್ಲಿಂದ ತರ್ಲಿ? ಚಿಲ್ಲರೆ ಇಲ್ಲಪ್ಪಾ! ಬೇಕಾದ್ರೆ ಆ ಏಳರಿಂದ ನನ್ನ ಎರಡು ತಗೊಂಡು ಹೋಗು, ನೆಕ್ಸ್ಟ್!" ಎಂದಾಗ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು, ನಕ್ಕವರಿಗೆ ಆ ತಪ್ಪು ಮತ್ತೆ ಆಗುತ್ತಿರಲಿಲ್ಲ. ದನಿಗಳಲ್ಲೆಲ್ಲ ಮಕ್ಕಳಿಗೆ ಬಲು ಇಷ್ಟವಾದದ್ದು ಆಫೀಸರನ ದನಿ. ಸೊಂಟದ ಮೇಲೆ ಕೈಯಿಟ್ಟು, ಗದ್ದ ಒಳಗೆಳೆದು, "ತಪ್ಪು! ಕೂತ್ಕೋ!" ಎಂದು ಜಯದೇವಿ ಗುಡುಗಿದರೆ ಕೊನೆಯ ಬೆಂಚಿನವರೂ ಎದ್ದು ಸಲಾಮು ಹೊಡೆಯುತ್ತಿದ್ದರು.

ಶುಕ್ರವಾರ ಮಾತ್ರ ಚುನಾವಣೆ. ಹಲಗೆಯ ಮೇಲೆ ಒಂದು ಲೆಕ್ಕಕ್ಕೆ ನಾಲ್ಕು ಉತ್ತರ ಬರೆಯುತ್ತಿದ್ದಳು. ಒಂದು ಸರಿ, ಮೂರು ತಪ್ಪು. ಯಾವ ತಪ್ಪು ಎಲ್ಲಕ್ಕಿಂತ ಹೆಚ್ಚು ಯೋಚನೆ ಮಾಡಿ ಆದ ತಪ್ಪು, ಅದಕ್ಕೆ ಓಟು. ಸರಿ ಉತ್ತರಕ್ಕೆ ಯಾರೂ ಓಟು ಹಾಕುತ್ತಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೊಂದು ಕಥೆಯೂ ಇರುತ್ತಿರಲಿಲ್ಲ.

ಅಂಥ ಮಕ್ಕಳ ಮುಂದೆ, ಅದೂ ಶುಕ್ರವಾರ, ಯಂತ್ರವೊಂದು ನಾಲ್ಕು ಉತ್ತರ ತಂದಿಟ್ಟಿತ್ತು. ಮಕ್ಕಳು ಶ್ರದ್ಧೆಯಿಂದ ಓಟು ಹಾಕಿದ್ದರು. ಗಡಿಯಾರದ ಪ್ರಶ್ನೆಗಳಲ್ಲಿ ಮಾತ್ರ ಚೆಲುವಾದ ತಪ್ಪು ಒಂದೂ ಇರಲಿಲ್ಲವಾಗಿ, ಬೇರೆ ದಾರಿಯಿಲ್ಲದೆ ಸರಿ ಉತ್ತರ ಒತ್ತಿದ್ದರು.

ಇದನ್ನೆಲ್ಲ ಕೇಳಿಸಿಕೊಂಡು ಶಾಂತವೀರಪ್ಪನವರು ಹಣೆ ಉಜ್ಜಿಕೊಂಡರು. ದಾವಣಗೆರೆಯಿಂದ ಬಂದು ಮೂವತ್ತು ವರ್ಷವಾಗಿತ್ತು. ಕಷ್ಟ ಬಂದಾಗ ಅವರ ಬಾಯಲ್ಲಿ ತಮಿಳು ಮೊದಲು ಬರುತ್ತಿತ್ತು. "ಎನ್ನಮ್ಮಾ ಇದು. ನನಗೆ ಅರ್ಥ ಆಗುತ್ತೆ. ನನ್ನ ಮೊಮ್ಮಗಳು ಈ ಊರಲ್ಲಿ ಇದ್ದಿದ್ರೆ ನಿನ್ನ ಕ್ಲಾಸಿಗೇ ಹಾಕ್ತಿದ್ದೆ. ಆದರೆ ಟ್ರಸ್ಟಿನೋರಿಗೆ ಏನು ಹೇಳಲಿ? ಮಕ್ಕಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ, ಅದಕ್ಕೇ ಫೇಲ್ ಆಗಿದಾರೆ ಅಂತಲಾ?"

"ಹೌದ್ರಿ, ಹಂಗ ಹೇಳ್ರಿ."

"ಹೇಳಬಹುದು. ಪೆನ್ಷನ್ ಬರೋಕೆ ಇನ್ನೂ ಒಂಬತ್ತು ತಿಂಗಳಿದೆ." ಅವರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. "ನಲವತ್ತರ ಕೆಳಗೆ ಬಂದ ಸೆಕ್ಷನ್ ಒಡೀಬೇಕು ಅಂತ ರೂಲ್ಸು. ಒಂದನೇ ತಾರೀಖಿನಿಂದ ನಾಲ್ಕು ಬಿ ಇರೋಲ್ಲಮ್ಮಾ. ಮಕ್ಕಳನ್ನ ಅಡಿಪಾಯದ ಗುಂಪು ಅಂತ ಮಾಡಿ ಮೂರು ರೂಮಿಗೆ ಹಂಚ್ತಾರೆ. ಒಂದರಿಂದ ನೂರರವರೆಗೆ ಮತ್ತೆ ಮೊದಲಿಂದ, ಟ್ಯಾಬ್‌ನಲ್ಲಿ. ನಿನ್ನನ್ನ ಮಾಧವರಂ ಶಾಲೆಗೆ ಹಾಕಿದಾರೆ. ತಾಂಬರಂನಿಂದ ದೂರ, ಗೊತ್ತು."

ಜಯದೇವಿಗೆ ದೂರದ ಯೋಚನೆ ಬರಲೇ ಇಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಕಿಟಕಿಯ ಪಕ್ಕದ ಮೂರನೇ ಬೆಂಚು. ಅಲ್ಲಿ ಕೂರುತ್ತಿದ್ದವಳು ಸಮೀಕ್ಷಾ. ಅಪ್ಪನ ಕೆಲಸ ಹೋಗಿ ಊರು ಬದಲಾಯಿಸಿಕೊಂಡು ಜೂನ್‌ನಲ್ಲಿ ಬಂದು ಸೇರಿದ ಹುಡುಗಿ. ಆರು ವಾರ ಒಂದು ಮಾತೂ ಆಡಿರಲಿಲ್ಲ. ಹಾಜರಿ ಕೂಗಿದರೆ ಬೆರಳು ಎತ್ತುತ್ತಿದ್ದಳು, ಅಷ್ಟೇ. ಜುಲೈನ ಒಂದು ಬೆಳಿಗ್ಗೆ ತಾನಾಗಿ ಎದ್ದು ಬಂದು ಮೂರು, ಸೊನ್ನೆ, ಸೊನ್ನೆ, ನಾಲ್ಕು ಬರೆದಿದ್ದಳು. ಯಾಕೆ ಹಂಗ ಅನ್ನಿಸ್ತು ಎಂದು ಕೇಳಿದ್ದಕ್ಕೆ, ಗೋಡೆಗೆ ಹೇಳುವ ಹಾಗೆ ತಮಿಳಿನಲ್ಲಿ, "ಮುನ್ನೂರು ಅಂದ್ಮೇಲೆ ಅದರ ಎರಡು ಸೊನ್ನೆ ಎಲ್ಲಿ ಹೋಗುತ್ತೆ ಮಿಸ್?" ಎಂದಿದ್ದಳು. ಎರಡು ಸೊನ್ನೆ ಎಲ್ಲಿ ಹೋಗುತ್ತದೆ ಎಂದು ಇಡೀ ತರಗತಿ ಇಪ್ಪತ್ತು ನಿಮಿಷ ಹುಡುಕಿತ್ತು. ಆ ಶುಕ್ರವಾರ ಅವಳ ತಪ್ಪು ಅಮೋಘ ಬಹುಮತದಿಂದ ಗೆದ್ದಿತ್ತು. ಆಮೇಲೆ ಅವಳ ಬಾಯಿ ಮುಚ್ಚಿಸುವುದೇ ಕಷ್ಟವಾಗಿತ್ತು. ಈಗ ಅವಳನ್ನು ಯಾವುದೋ ರೂಮಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಒಂದು ಎರಡು ಮೂರು ಎಂದು ಕೂರಿಸುತ್ತಾರೆ.

ಜಯದೇವಿ ಮೆಟ್ಟಿಲು ಹತ್ತುವಾಗ ಮಧುರಾ ಹಿಂದಿನಿಂದ ಓಡಿಬಂದಳು. "ಮ್ಯಾಮ್, ಒಂದು ವೇ ಇದೆ. ರೀ-ವೆರಿಫಿಕೇಷನ್ ಅಂತ. ಒಂದೇ ಸಲ ಮಾತ್ರಂ ಕೊಡ್ತಾರೆ. ಬರೋ ಬುಧವಾರ ನಾನೇ ಕೂತ್ಕೊಂಡು ಮಾಡಿಸ್ತೀನಿ. ಆದ್ರೆ ರೀಸನ್ ಹಾಕ್ಬೇಕು ಮ್ಯಾಮ್. ಮಕ್ಕಳು ತಪ್ಪಿಗೆ ಓಟ್ ಹಾಕಿದ್ರು ಅಂತ ಟೈಪ್ ಪಣ್ಣೋಕೆ ಆಗಲ್ಲ. ಅಲ್ಲಿ ನಾಲ್ಕೇ ಆಪ್ಷನ್ ಇದೆ."

"ಆ ನಾಕರಾಗ ಸರಿ ಯಾವ್ದು?"

"ಯಾವ್ದೂ ಇಲ್ಲ ಮ್ಯಾಮ್." ಮಧುರಾ ಬಾಟಲಿಯ ಮುಚ್ಚಳ ತಿರುಗಿಸುತ್ತ ನಿಂತಳು. "ನೆಟ್‌ವರ್ಕ್ ಇಶ್ಯೂ ಅಂತ ಒತ್ತಲಾ?"

"ಒತ್ತವಾ. ನನ್ನ ಹುಡುಗ್ರೂ ಹಂಗ ಒತ್ಯಾರ."

ಸ್ಟಾಫ್ ರೂಮಿನಲ್ಲಿ ಸೀತಾರಾಮ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದರೂ ಅವರ ಕನ್ನಡ ಮಾತ್ರ ಮೈಸೂರಿನದು. ವಿಷಯ ಕೇಳಿ ತುತ್ತು ಕೆಳಗಿಟ್ಟರು. "ನಂದೇ ತಪ್ಪು ಕಣಮ್ಮಾ. ಪರೀಕ್ಷೆ ಬರೀತಾ ನಗೋ ಮಕ್ಕಳನ್ನ ನಾನು ನೋಡಿದ್ದು ಅದೇ ಮೊದಲು. ಆ ದೀಕ್ಷಿತ್ ಅಂತೂ ಪ್ರತಿ ಪ್ರಶ್ನೆಗೂ ತಲೆದೂಗ್ತಿದ್ದ, ಸಂಗೀತ ಕಛೇರೀಲಿ ಕೂತ ಹಾಗೆ. ಎಷ್ಟು ಚೆನ್ನಾಗಿ ಮಾಡ್ತಿದಾರೆ ಅಂದ್ಕೊಂಡೆ." ಆಮೇಲೆ ಅವರು, ತರಬೇತಿಗೆ ಬಂದಿದ್ದ ಸಂಸ್ಥೆಯ ಅಧಿಕಾರಿಯ ದನಿ ಮಾಡಿ, "ಮೂರನೇ ನಿಮಿಷ: ಶಿಕ್ಷಕರು ಮುಗುಳ್ನಗುವರು. ನಾಲ್ಕನೇ ನಿಮಿಷ: ಶಿಕ್ಷಕರು ನಗು ನಿಲ್ಲಿಸುವರು," ಎಂದರು. ಬೇರೆ ದಿನವಾಗಿದ್ದರೆ ಜಯದೇವಿ ಅದಕ್ಕೆ ಐದನೇ ನಿಮಿಷ ಸೇರಿಸುತ್ತಿದ್ದಳು.

"ಮಕ್ಕಳಿಗೆ ಹೇಳಿ ಅಷ್ಟೇ," ಎಂದರು ಸೀತಾರಾಮ, ತಮ್ಮದೇ ದನಿಗೆ ಮರಳಿ. "ಟ್ಯಾಬಲ್ಲಿ ಸರಿ ಒತ್ತಿ, ಇಲ್ಲಿ ತಪ್ಪು ತನ್ನಿ ಅಂತ. ಜಾಣ ಮಕ್ಕಳು. ಇದೇನು ಮಹಾ?"

ಜಯದೇವಿಗೂ ಹಾಗೇ ಅನ್ನಿಸಿತ್ತು. ಶುಕ್ರವಾರ ಚುನಾವಣೆ ನಿಲ್ಲಿಸಿ ಮಕ್ಕಳಿಗೆ ಎಲ್ಲ ಬಿಡಿಸಿ ಹೇಳಿದಳು. ಮುಂದಿನ ಬೆಂಚಿನ ದೀಕ್ಷಿತ್ ಗಂಭೀರವಾಗಿ ಕೇಳಿದ, "ಹಂಗಾದ್ರೆ ಮಿಷಿನ್‌ಗೆ ತಪ್ಪು ಪಿಡಿಕ್ಕಾದಾ ಮಿಸ್?"

"ಅದಕ್ಕ ಇಷ್ಟ ಇಲ್ಲಪ್ಪಾ."

"ಅದು ಹೆಂಗೆ ಕಲಿಯುತ್ತೆ ಪಾಪ?"

ಎಲ್ಲರೂ ನಕ್ಕರು, ಜಯದೇವಿಯೂ ನಕ್ಕಳು. ನಕ್ಕದ್ದು ತಪ್ಪಾಯಿತೆಂದು ಗೊತ್ತಾದದ್ದು ಸೋಮವಾರ. ಹತ್ತು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಅಭ್ಯಾಸ ಪರೀಕ್ಷೆ ಕೊಟ್ಟಳು. ಹತ್ತೊಂಬತ್ತು ಮಕ್ಕಳು ಹತ್ತಕ್ಕೆ ಹತ್ತನ್ನೂ ಸರಿ ಮಾಡಿದ್ದರು. ಉಳಿದವರು ಒಂದೊಂದು, ಎರಡೆರಡು ಕಡೆ ಓಟು ಹಾಕಿಯೇ ಇದ್ದರು. ಮೀನಿನ ಗಾಡಿಯವರ ಮಗ ಮುಗಿಲನ್ ಅಂತೂ ಹತ್ತರಲ್ಲಿ ಆರು ಕಡೆ. "ಏನೋ ಇದು?" ಎಂದರೆ, "ಇದು ಮಿಷಿನ್ ಅಲ್ಲ ಮಿಸ್, ಪೇಪರ್ ದಾನೇ," ಎಂದು ಅವನು ನ್ಯಾಯ ಹೇಳಿದ. ಜಯದೇವಿ ಗಟ್ಟಿಯಾಗಿ, "ನಾನು ಹೇಳಿದ್ದು ತಮಾಷೆ ಅಲ್ಲ. ಬುಧವಾರ ಒಂದು ತಪ್ಪೂ ಆಗಬಾರದು," ಎಂದಳು. ಕೊನೆಯ ಬೆಂಚಿನಿಂದ ಇಬ್ಬರು ಎದ್ದು ಸಲಾಮು ಹೊಡೆದರು.

ಆಗ ಅವಳಿಗೆ ತಿಳಿಯಿತು. ಇಪ್ಪತ್ತೆರಡು ವರ್ಷ ಗದರುವವರ ದನಿಯನ್ನೆಲ್ಲ ಅಣಕಿಸಿ ಅಣಕಿಸಿ, ತನಗೆಂದು ಗದರುವ ದನಿಯನ್ನೇ ಅವಳು ಉಳಿಸಿಕೊಂಡಿರಲಿಲ್ಲ. ಯಾವ ದನಿ ತೆಗೆದರೂ ಮಕ್ಕಳಿಗೆ ಅದು ನಾಟಕ.

ಆ ಸಂಜೆ ಟ್ರೈನಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕರೂ ಹೊರಗೆ ನೋಡಲಿಲ್ಲ. ಮುಗಿಲನ್ ಒಬ್ಬನೇ ಅಲ್ಲ. ಇಂಥ ಹದಿನೈದು ಮಕ್ಕಳು. ಟ್ಯಾಬ್ ಮುಂದೆ ಕೂತಾಗ ಒಬ್ಬ ಪಕ್ಕದವನನ್ನು ನೋಡಿ ನಕ್ಕರೆ ಸಾಕು, ಮತ್ತೆ ಚುನಾವಣೆ. ಸೆಕ್ಷನ್ ಉಳಿಯಬೇಕಾದರೆ ಮಕ್ಕಳು ನಂಬಬೇಕು. ಹೇಳಿದರೆ ನಂಬುವುದಿಲ್ಲ. ಮಾಡಿ ತೋರಿಸಬೇಕು. ಅದನ್ನು ಯಾವ ಮಗುವಿನ ಮೇಲೆ ಮಾಡಿ ತೋರಿಸುವುದು ಎಂಬಲ್ಲಿಗೆ ಯೋಚನೆ ಬಂದು ನಿಂತಾಗ ಟ್ರೈನು ಗಿಂಡಿ ಸ್ಟೇಷನ್ ದಾಟಿತ್ತು. ಪಕ್ಕದಲ್ಲಿ ಮಲ್ಲಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು, "ಉಡಂಬು ಸರಿಯಿಲ್ಲಯಾಮ್ಮಾ?" ಎಂದು ಕೇಳಿದಳು. ಮೈಗೆ ಏನೂ ಆಗಿಲ್ಲ ಎಂದು ಜಯದೇವಿ ತಲೆಯಾಡಿಸಿದಳು.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಕೈಗಳು ಎದ್ದವು. ಯಾರನ್ನು ಕರೆಯಲಿ ಎಂದು ಅವಳು ನೋಡುತ್ತಿರುವಾಗಲೇ ಸಮೀಕ್ಷಾ ಬೆಂಚಿನಿಂದ ಜಾರಿ ಹಲಗೆಯ ಹತ್ತಿರ ಬಂದುಬಿಟ್ಟಿದ್ದಳು. ಅರವತ್ತರಲ್ಲಿ ಇಪ್ಪತ್ತೆಂಟು ಕಳೆ. ನಲವತ್ತೆಂಟು ಎಂದು ದಪ್ಪ ದಪ್ಪ ಅಂಕಿಯಲ್ಲಿ ಬರೆದು, ಪಕ್ಕಕ್ಕೆ ಸರಿದು, ಸೀಮೆಸುಣ್ಣ ಹಿಡಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾದಳು. ಒಳ್ಳೆಯ ತಪ್ಪು. ಸೊನ್ನೆಯಿಂದ ಎಂಟು ತೆಗೆದರೆ ಎಂಟನ್ನು ಏನು ಮಾಡುವುದೆಂದು ತೋಚದೆ ಹಾಗೇ ಕೆಳಗಿಳಿಸಿ ಕಾಪಾಡಿದ್ದಳು. ಸೊನ್ನೆಯ ದನಿ ಜಯದೇವಿಯ ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು.

"ತಪ್ಪು," ಎಂದಳು. "ಕೂತ್ಕೋ."

ತರಗತಿ ಸ್ಫೋಟಿಸಿತು. "ಆಫೀಸರ್! ಆಫೀಸರ್!" ಮುಗಿಲನ್ ಬೆಂಚು ಬಡಿದ. ಸಮೀಕ್ಷಾ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾಟಕದ ಉಳಿದ ಭಾಗಕ್ಕಾಗಿ ಮುಖವೆತ್ತಿ ನಿಂತಳು.

ಜಯದೇವಿ ಕೈಯನ್ನು ಸೊಂಟದ ಮೇಲೆ ಇಡಲಿಲ್ಲ. ಗದ್ದ ಒಳಗೆಳೆದುಕೊಳ್ಳಲಿಲ್ಲ. ಡಸ್ಟರ್ ಎತ್ತಿಕೊಂಡು ನಲವತ್ತೆಂಟನ್ನು ಒರೆಸಿದಳು. ಅದರ ಮೇಲೆ ಮೂವತ್ತೆರಡು ಬರೆದಳು. "ನಗಬ್ಯಾಡ್ರಿ. ತಪ್ಪು ಅಂದ್ರ ತಪ್ಪು. ನಾಳಿ ಯಾರಾದ್ರೂ ಹಿಂಗ ಮಾಡಿದ್ರ ಈ ಕ್ಲಾಸಿನ್ಯಾಗ ಇರಂಗಿಲ್ಲ."

ನಗು ಒಮ್ಮೆಲೇ ನಿಲ್ಲಲಿಲ್ಲ. ಮುಂದಿನ ಬೆಂಚಿನಲ್ಲಿ ಮೊದಲು ನಿಂತು, ಆಮೇಲೆ ನಡುವಿನಲ್ಲಿ, ಕೊನೆಗೆ ಹಿಂದೆ ಯಾರೋ ಒಬ್ಬನದು ಉಳಿದು, ಅವನೂ ಸುತ್ತ ನೋಡಿ ನಿಲ್ಲಿಸಿದ. ಸಮೀಕ್ಷಾ ಇನ್ನೂ ಅಲ್ಲೇ ನಿಂತಿದ್ದಳು.

"ನೀವು ಯಾಕೆ ಹಂಗ ಅನ್ನಿಸ್ತು ಅಂತ ಕೇಳಲೇ ಇಲ್ಲ ಮಿಸ್," ಎಂದಳು ತಮಿಳಿನಲ್ಲಿ. ದೂರಿನ ದನಿಯಲ್ಲ, ಮರೆತಿರಬಹುದೆಂದು ನೆನಪಿಸುವ ದನಿ.

"ಇವತ್ತ ಟೈಮಿಲ್ಲ. ಹೋಗು."

ಅವಳು ಹೋಗಿ ಕೂತಳು. ಜಯದೇವಿ ಟ್ಯಾಬ್ ತೆರೆದು ಆ ದಿನದ ಪುಟ ಹುಡುಕಿ, ಜೂನ್‌ನಿಂದ ಮೊದಲ ಬಾರಿಗೆ, ಅದರಲ್ಲಿ ಬರೆದಿದ್ದ ವಾಕ್ಯಗಳನ್ನು ಒಂದೂ ಬಿಡದೆ ಓದಿದಳು. ಮಕ್ಕಳು ಹೇಳಿದ ಕಡೆ ಚಪ್ಪಾಳೆ ತಟ್ಟಿದರು.

ಬುಧವಾರದ ಪರೀಕ್ಷೆಯಲ್ಲಿ ಯಾರೂ ನಗಲಿಲ್ಲ ಎಂದು ಮಧುರಾ ಬಂದು ಹೇಳಿದಳು. ಶುಕ್ರವಾರ ಮಧ್ಯಾಹ್ನ ಶಾಂತವೀರಪ್ಪನವರು ಪ್ಯೂನ್ ಕೈಯಲ್ಲಿ ಹೇಳಿಕಳಿಸದೆ ತಾವೇ ಎರಡು ಮಹಡಿ ಹತ್ತಿ ಬಂದರು. "ತೊಂಬತ್ತಮೂರು! ಇಡೀ ಸ್ಕೂಲಿಗೇ ಫಸ್ಟು. ನಾಲ್ಕು ಬಿ ಉಳೀತಮ್ಮಾ. ನೀನೂ ಇಲ್ಲೇ." ಅವರಿಗೆ ಏದುಸಿರು ಬಂದಿತ್ತು. "ಟ್ರಸ್ಟಿನೋರು ಕೇಳ್ತಿದಾರೆ, ಹದಿನೈದೇ ದಿನದಲ್ಲಿ ಮೂವತ್ತೊಂದರಿಂದ ತೊಂಬತ್ತಮೂರಕ್ಕೆ ಹೆಂಗೆ ತಂದ್ರು ಅಂತ. ಮಾಧವರಂ ಟೀಚರ್‌ಗಳಿಗೆ ತೋರಿಸೋಕೆ ನಿನ್ನ ಕ್ಲಾಸನ್ನ ವಿಡಿಯೋ ಮಾಡ್ತಾರಂತೆ."

"ಏನ್ ಅಂತ ತೋರಿಸ್ಲಿರಿ ಸರ್?"

"ಏನೋ ಒಂದು ಹೇಳಮ್ಮಾ. ಒನ್ ಪೇಜ್ ಪಾಲಿಸಿದೆ ಅನ್ನು. ಸುಳ್ಳೇನಲ್ಲವಲ್ಲ." ಬಾಗಿಲ ಚೌಕಟ್ಟನ್ನು ಎರಡು ಸಲ ತಟ್ಟಿ ಹೋದರು.

ಸೋಮವಾರ ಜಯದೇವಿ ಬೇಗ ಬಂದಳು. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮಕ್ಕಳು ಬಂದು ಕೂತ ಮೇಲೆ ಸೀಮೆಸುಣ್ಣವನ್ನು ಅಂಗೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದಳು. "ಪರೀಕ್ಷಾ ಮುಗೀತು. ಮಿಷಿನ್ ಹೋತು. ಯಾರ ತಪ್ಪು ಮೊದಲು?"

ಯಾರೂ ಕೈ ಎತ್ತಲಿಲ್ಲ.

"ದೀಕ್ಷಿತ್?"

"ನಂದು ಎಲ್ಲಾ ಸರಿ ಮಿಸ್."

"ಮುಗಿಲನ್, ನಿಂದು?"

ಮುಗಿಲನ್ ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟ. "ಸರಿ ಮಿಸ್."

ಜಯದೇವಿ ಐವತ್ತೆರಡರ ಎರಡಾದಳು. ಮೂಗುದನಿ ತೆಗೆದು, ಚಿಲ್ಲರೆ ಇಲ್ಲಪ್ಪಾ ಎಂದಳು. ಮಕ್ಕಳು ನಕ್ಕರು. ನಗಬಹುದೋ ಬಾರದೋ ಎಂದು ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆಮೇಲೆ, ಎಲ್ಲರೂ ಒಟ್ಟಿಗೆ, ಅಳತೆಗೆ ಸರಿಯಾಗಿ ನಕ್ಕು ನಿಲ್ಲಿಸಿದರು. ಅವಳು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಹೊಸ ಲೆಕ್ಕ ಬರೆದು, ಮಾಡಿ ಎಂದಳು. ಮಾಡತೊಡಗಿದರು. ಮೂವತ್ತನಾಲ್ಕು ತಲೆ ಬಗ್ಗಿದ್ದವು. ಒಂದೊಂದು ಸಾಲು ಬರೆದಂತೆ ಒಂದೊಂದು ತಲೆ ಎದ್ದು, "ಇದು ಸರಿಯಾ ಮಿಸ್?" ಎನ್ನುತ್ತಿತ್ತು. ಸರಿ ಎಂದರೆ ಮುಂದಿನ ಸಾಲು.

ಬೆಂಚುಗಳ ನಡುವೆ ನಡೆಯುತ್ತ ಅವಳು ಕಿಟಕಿಯ ಪಕ್ಕ ಬಂದಳು. ಸಮೀಕ್ಷಾ ಏನೂ ಕೇಳಿರಲಿಲ್ಲ. ಎಡಗೈಯನ್ನು ಪುಸ್ತಕದ ಸುತ್ತ ಬಳಸಿ, ಮೊಣಕೈಯಿಂದ ಮರೆ ಮಾಡಿಕೊಂಡು ಬರೆಯುತ್ತಿದ್ದಳು. ಜಯದೇವಿಯ ಸೀರೆಯ ಅಂಚು ಬೆಂಚಿಗೆ ತಾಗಿದ್ದೇ ತಡ, ಬರೆದಿದ್ದ ಅಂಕಿಯನ್ನು ಅಳಿಸತೊಡಗಿದಳು. ರಬ್ಬರ್ ಸವೆದು ಕಡಲೆಕಾಳಿನಷ್ಟಾಗಿತ್ತು. ಅದು ಸಾಲದೆ ಬೆರಳನ್ನು ನಾಲಿಗೆಗೆ ಒತ್ತಿಕೊಂಡು ತಿಕ್ಕಿದಳು.

"ಏನ್ ಬರದಿದ್ದೆವಾ?" ಎಂದು ಜಯದೇವಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದಳು. "ತೋರ್ಸು. ಯಾಕೆ ಹಂಗ ಅನ್ನಿಸ್ತು?"

"ಏನೂ ಅನ್ನಿಸ್ಲಿಲ್ಲ ಮಿಸ್."

ಹುಡುಗಿ ತಲೆ ಎತ್ತದೆ ತಿಕ್ಕುತ್ತಲೇ ಇದ್ದಳು. ಕಾಗದ ಮೊದಲು ಮಾಸಲಾಯಿತು, ಆಮೇಲೆ ನವಿರೆದ್ದು ಸುರುಳಿ ಸುರುಳಿಯಾಗಿ ಬೆರಳಿಗೆ ಅಂಟತೊಡಗಿತು. ಆಮೇಲೆ ಆ ಜಾಗ ತೆಳ್ಳಗಾಗುತ್ತ ಆಗುತ್ತ, ಇನ್ನೂ ಯಾರೂ ಏನೂ ಬರೆಯದ ಕೆಳಗಿನ ಪುಟದ ನೀಲಿ ಗೆರೆ ಅದರೊಳಗಿಂದ ಕಾಣಿಸಿತು.